ಫ್ಯಾನು ನಿಂತ ಮೇಲೇ ಸ್ಟ್ರೆಚರ್: ಚಿಂತಾಮಣಿ ಕಡೆಯ ನನ್ನ ಅನುಭವ

ಪೇಷಂಟನ್ನು ಒಯ್ಯಲು ಬರುವ ಹೆಲಿಕಾಪ್ಟರಿಗೆ ಊರ ಬಯಲಲ್ಲಿ ಇಳಿಯಲು ಜಾಗ ಸಿದ್ಧ ಮಾಡಿ, ಪೇಷಂಟನ್ನು ಆಂಬುಲೆನ್ಸಿನಿಂದ ಅದಕ್ಕೆ ದಾಟಿಸುವ ಕೆಲಸ ನನ್ನದು. ಹೆಲಿಕಾಪ್ಟರಿನ ಫ್ಯಾನು ಪೂರ್ತಿ ನಿಲ್ಲುವ ತನಕ ಪೇಷಂಟನ್ನು ಆಂಬುಲೆನ್ಸಿನಿಂದ ಇಳಿಸುವುದಿಲ್ಲ ಅಂದಾಗ, ಟೈಮ್ ಹಾಳು ಅಂದವರೇ ಹೆಚ್ಚು. ನಿಲ್ಲಲು ಬೇಕಾಗುವುದು ಎರಡು ಮೂರು ನಿಮಿಷ. ಪೈಲಟ್ ಸನ್ನೆ ಮಾಡಿದ ಮೇಲೆ ಹೆಲಿಕಾಪ್ಟರಿನ ಡಾಕ್ಟರು ನಮ್ಮ ಗಾಡಿಯೊಳಗೇ ಬಂದು ಪೇಷಂಟನ್ನು ನೋಡುತ್ತಾರೆ, ಸಿರಿಂಜ್ ಪಂಪು (ಔಷಧಿಯನ್ನು ನಿಧಾನಕ್ಕೆ ಒಳಗೆ ಬಿಡುವ ಯಂತ್ರ) ಬದಲಿಸುತ್ತಾರೆ. ಅದೇ ಕೆಲಸ ಗಾಳಿ ಸದ್ದಿನಲ್ಲಿ ಕೂಗಾಡುತ್ತಾ ಮಾಡಿದರೆ ಹತ್ತು ನಿಮಿಷ. ಪೇಷಂಟನ್ನು ದಾಟಿಸಲು ಮೊದಲು ಒಟ್ಟು ಇಪ್ಪತ್ತೈದು ನಿಮಿಷ ಹಿಡಿಯುತ್ತಿದ್ದದ್ದು ಈಗ ಹದಿನೆಂಟರ ಆಸುಪಾಸು. ನಕ್ಕವರೇ ಈಗ ಜಾಗ ತೋರಿಸು ಅಂತ ಫೋನ್ ಮಾಡುತ್ತಾರೆ.

ಫ್ಯಾನಿನ ಸ್ಪೀಡು ಇಳಿಯುವಾಗಲೇ ಅಪಾಯ ಜಾಸ್ತಿ. ಆಗ ರೆಕ್ಕೆ ಜೋತು ಬೀಳುತ್ತೆ. ಒಂದು ಗಾಳಿ ಬೀಸಿದರೆ ತುದಿ ತಲೆಮಟ್ಟಕ್ಕೆ ಬರಬಹುದು. ಜಾಗ ಇಳಿಜಾರಾಗಿದ್ದರೆ ಎತ್ತರದ ಕಡೆಯಿಂದ ಹೋಗುವ ಮಾತೇ ಬೇಡ. ಬಾಲದ ಕಡೆಯಂತೂ ಯಾವತ್ತೂ ಇಲ್ಲ. ಬೆಲ್ 407ರಂಥ ಹೆಲಿಕಾಪ್ಟರಿನಲ್ಲಿ ಬಾಲದ ಫ್ಯಾನು ಮರೆಯಿಲ್ಲದೆ ತೆರೆದೇ ಇರುತ್ತೆ, ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ.

ದುಡ್ಡು ಹೋಗಿದ್ದು ಫ್ಯಾನಿನ ಗಾಳಿಗೆ ಏಳುವ ಧೂಳು ಅಡಗಿಸಲು. ಹಗಲಿಗೆ 30 ಮೀಟರ್ ಉದ್ದ, 30 ಮೀಟರ್ ಅಗಲ ಬಿಡಿಸುತ್ತೇನೆ. 5,000 ಲೀಟರಿನ ಒಂದು ಟ್ಯಾಂಕರ್ ಅಷ್ಟಕ್ಕೆ ಹರಡಿದರೆ ಐದೂವರೆ ಮಿಲಿಮೀಟರ್ ನೀರು. ಮಾರ್ಚ್ ಬಿಸಿಲಿಗೆ ನಮ್ಮ ಕೆಂಪು ಮಣ್ಣು ಅದನ್ನು ಅರ್ಧ ಗಂಟೆಯಲ್ಲಿ ಕುಡಿದುಬಿಡುತ್ತೆ. ಒಂದೇ ಸಲ ಎರಡು ಟ್ಯಾಂಕರ್ ಸುರಿಸಿದರೆ ಕೆಸರು, ಸ್ಟ್ರೆಚರ್ ಚಕ್ರ ಹೂತುಕೊಂಡಿತು. ಈಗ ಹೆಲಿಕಾಪ್ಟರ್ ಬರುವ ಒಂದು ಗಂಟೆ ಮುಂಚೆ ಒಂದು ಟ್ಯಾಂಕರ್, ಇಪ್ಪತ್ತು ನಿಮಿಷ ಇರುವಾಗ ಅರ್ಧ. ಟ್ಯಾಂಕರಿಗೆ 700, ಬೇಸಿಗೆಯಲ್ಲಿ 900 ಕೊಟ್ಟ ನೆನಪು. ಸ್ಟ್ರೆಚರ್ ಚಕ್ರಕ್ಕೆ ಸೆಂಟ್ರಿಂಗ್ ಪ್ಲೈ (ಕಾಂಕ್ರೀಟ್ ಹಾಕುವಾಗ ಬಳಸುವ ಹಲಗೆ) ಹಾಸುತ್ತೇವೆ, ಅದೂ ಫ್ಯಾನು ನಿಂತ ಮೇಲೆ. ಮೊದಲೇ ಹಾಸಿದರೆ ಹಾರುತ್ತೆ. ಏರುವ ಮುಂಚೆ ಎಣಿಸಿ ಎತ್ತಬೇಕು.

ಇಳಿಯುವ ಜಾಗದ ಗುರುತಿಗೆ ಸುಣ್ಣದ ಪುಡಿ ಹಾಕಿದೆ, ಪೂರಾ ಕಣ್ಣಿಗೆ ಬಂತು. ಫ್ಲೆಕ್ಸ್ ಹಾಸಿ ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟೆ, ಇಟ್ಟಿಗೆ ಸಮೇತ ಎದ್ದಿತು. ಗಟ್ಟಿ ಸುಣ್ಣದ ನೀರೇ ಸರಿ. ಅದಕ್ಕೆ ಇನ್ನೊಂದು ಸಾಮಾನು ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ. ಗಾಳಿ ದಿಕ್ಕು ತೋರಿಸಲು ತೆಂಗಿನ ನಾರು ಸುಟ್ಟು ಹೊಗೆ ಎಬ್ಬಿಸಿ ನೋಡಿದೆ. ಪಕ್ಕದಲ್ಲಿ ರಾಗಿ ಮೆದೆ ಇರುವ ಊರಲ್ಲಿ ಆ ಬುದ್ಧಿ ಬೇಡ. ಕೋಲಿಗೆ ಬಟ್ಟೆ ಬಿಗಿದು ದೂರ ನೆಟ್ಟರೆ ಸಾಕು.

ಟೊಮ್ಯಾಟೊ ಹೊಲದ ಪಕ್ಕ ಇಳಿಸುವುದಾದರೆ ಮಲ್ಚಿಂಗ್ ಶೀಟ್ (ಸಾಲಿನ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್) ನೋಡಿ. ಹಳೇ ತುಂಡುಗಳು ಮಣ್ಣಲ್ಲಿ ಅರ್ಧ ಹೂತಿರುತ್ತವೆ, ಗಾಳಿ ಬಡಿದರೆ ಎದ್ದು ಫ್ಯಾನಿನ ಕಡೆಗೇ ಸುತ್ತುತ್ತವೆ. ಸುತ್ತ 50 ಮೀಟರ್ ನಡೆದು ಹೆಕ್ಕಬೇಕು, ಖಾಲಿ ಕ್ರೇಟುಗಳನ್ನೂ ಸೇರಿಸಿ. ಬೋರ್‌ವೆಲ್‌ಗೆ ಅಡ್ಡಾದಿಡ್ಡಿ ಎಳೆದ ತಂತಿ ಮೇಲಿನಿಂದ ಕಾಣುವುದಿಲ್ಲ. ಕಂಬ ಎಣಿಸಿ, ಯಾವ ದಿಕ್ಕಿಗೆ ಎಷ್ಟು ದೂರ ಅಂತ ಮುಂಚೆಯೇ ಹೇಳಿ.

ಹೆಲಿಕಾಪ್ಟರಿನವರಿಗೆ ಲೊಕೇಷನ್ ಹೇಳುವಾಗ ಬಾಯಿ ತಪ್ಪಬಾರದು. ಫೋನಿನಲ್ಲಿ 13.40 ಡಿಗ್ರಿ ಅಂತ ಇದ್ದರೆ ಅದು 13 ಡಿಗ್ರಿ 24 ನಿಮಿಷ. "ಹದಿಮೂರು, ನಲವತ್ತು" ಅಂದರೆ 13 ಡಿಗ್ರಿ 40 ನಿಮಿಷ ಅಂತ ಬರೆದುಕೊಳ್ಳುತ್ತಾರೆ, ಹೆಚ್ಚೂಕಡಿಮೆ 30 ಕಿಲೋಮೀಟರ್ ಉತ್ತರಕ್ಕೆ ಹೋಗಿ ಹುಡುಕುತ್ತಾರೆ. "ಪಾಯಿಂಟ್" ಅನ್ನುವುದನ್ನು ಬಿಡಬೇಡಿ, ವಾಪಸ್ ಓದಿಸಿಕೊಳ್ಳಿ.

ಆಂಬುಲೆನ್ಸಿನ ಮೂತಿ ಹೆಲಿಕಾಪ್ಟರ್ ಕಡೆ, 60 ಮೀಟರ್ ದೂರ, ಗಾಜು ಏರಿಸಿ. ಹಿಂಬಾಗಿಲು ಆ ಕಡೆ ತೆರೆದಿದ್ದರೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ, ಹತ್ತಿ, ರೆಫರಲ್ ಚೀಟಿ ಎಲ್ಲಾ ಹೊಲಕ್ಕೆ. ಸ್ಟ್ರೆಚರ್ ಮೇಲೆ ಸಡಿಲ ಬೆಡ್‌ಶೀಟ್ ಬೇಡ, ಬೆಲ್ಟಿನಡಿ ಸಿಕ್ಕಿಸಿ. ಸಲೈನ್ ಕಂಬ ಎತ್ತಬೇಡಿ, ಮೆತ್ತನೆ ಸಲೈನ್ ಚೀಲಕ್ಕೆ ಪ್ರೆಷರ್ ಬ್ಯಾಗ್ (ಚೀಲವನ್ನು ಒತ್ತಿ ಸಲೈನ್ ಹರಿಸುವ ಪಟ್ಟಿ) ಹಾಕಿ ಪೇಷಂಟ್ ಪಕ್ಕದಲ್ಲೇ ಮಲಗಿಸಿ. ಜೊತೆಗೆ ಬಂದವರ ಟವೆಲ್ಲು, ಟೋಪಿ ಗಾಡಿಯಲ್ಲೇ ಇರಲಿ. ಹೆಲಿಕಾಪ್ಟರಿನ ಬಾಗಿಲಿಗೆ ಮಾತ್ರ ನಾವು ಕೈ ಹಾಕುವುದಿಲ್ಲ, ತೆಗೆಯುವುದೂ ಹಾಕುವುದೂ ಅವರೇ.