ಮಿಷನ್ ತಪ್ಪಿದ 17 ದಿನ

ಕಾರ್ಕಳ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ, ಅಂದರೆ ಹಾಲು ಹಾಕುವವರೇ ಸದಸ್ಯರಾಗಿರುವ ಸಹಕಾರ ಸಂಘದಲ್ಲಿ, ನಾನು ಕಾರ್ಯದರ್ಶಿ. ದೊಡ್ಡ ಹುದ್ದೆ ಏನಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವವನೂ ನಾನೇ, ಕ್ಯಾನ್ ತೊಳೆದಿದೆಯಾ ಅಂತ ಮೂಸಿ ನೋಡುವವನೂ ನಾನೇ.

ಹಾಲಿನ ಫ್ಯಾಟ್, ಅಂದರೆ ಕೊಬ್ಬು ಶೇಕಡಾ ಎಷ್ಟು ಅಂತ ಒಂದು ಮಿಷನ್ ಹೇಳುತ್ತದೆ, ಅದನ್ನು ನೋಡಿ ನಾವು ರೇಟು ಕೊಡುವುದು. ಒಂದು ಮಳೆಗಾಲ, ಗುಡ್ಡದ ಮೇಲಿನ ಮನೆಯ ಅಕ್ಕನ ಹಾಲಿನ ಫ್ಯಾಟ್ 3.8ರಿಂದ 3.3ಕ್ಕೆ ಬಂತು. "ಹುಲ್ಲು ಅದೇ, ಹಿಂಡಿ ಅದೇ, ದನವೂ ಅದೇ. ಬದಲಾದದ್ದು ಎಂತ ಅಣ್ಣಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ರೆಡಿ ಇತ್ತು: ಮಳೆಗಾಲ, ಎಳೆ ಹುಲ್ಲು ಜಾಸ್ತಿ, ಫ್ಯಾಟ್ ಇಳಿಯುತ್ತದೆ. ಕೊನೆಯ ಹಾಲು ಕರುವಿಗೆ ಬಿಡ್ತೀರಾ ಅಂತಲೂ ಕೇಳಿದೆ, ಯಾಕಂದರೆ ಮೊದಲು ಕರೆದ ಹಾಲು ತೆಳು, ಕೆಚ್ಚಲಲ್ಲಿ ಕೊನೆಗೆ ಉಳಿಯುವುದರಲ್ಲೇ ಕೊಬ್ಬು ಜಾಸ್ತಿ ಇರುವುದು. "ಮೊದಲೂ ಬಿಡ್ತಿದ್ದೆ" ಅಂದರು. ಮುಖ ನೋಡಿದರೆ ನಂಬಿದ ಹಾಗೆ ಕಾಣಲಿಲ್ಲ.

ಮತ್ತೆ ಇಬ್ಬರು ಅದನ್ನೇ ಹೇಳಿದ ಮೇಲೆ ಅಟ್ಟದಿಂದ ಹಳೆಯ ಬ್ಯುಟಿರೋಮೀಟರ್, ಅಂದರೆ ಕೊಬ್ಬು ಅಳೆಯುವ ಗಾಜಿನ ಕೊಳವೆ, ಇಳಿಸಿದೆ. 10 ಮಿಲಿ ಸಲ್ಫ್ಯೂರಿಕ್ ಆಸಿಡ್, ಅದರ ಮೇಲೆ ನಿಧಾನಕ್ಕೆ 10.75 ಮಿಲಿ ಹಾಲು, ಆಮೇಲೆ 1 ಮಿಲಿ ಅಮೈಲ್ ಆಲ್ಕೋಹಾಲ್. ಕುಲುಕಿದರೆ ಕೈ ಸುಡುವಷ್ಟು ಬಿಸಿ ಆಗುತ್ತದೆ, ಬಟ್ಟೆ ಸುತ್ತಿ ಹಿಡಿಯಬೇಕು. ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿ ನೋಡಿದರೆ 3.8. ಅದೇ ಹಾಲಿಗೆ ಮಿಷನ್ ಹೇಳಿದ್ದು 3.3.

ಮಿಷನ್ನಿನ ಪೈಪಿನೊಳಗೆ ಹಾಲಿನ ಕಲೆ ಗಟ್ಟಿಯಾಗಿ ಕೂತಿತ್ತು. ಮಿಷನ್ ತೊಳೆದದ್ದನ್ನು ಬರೆಯುವ ರಿಜಿಸ್ಟರ್ ತೆಗೆದರೆ ಪ್ರತಿ ವಾರವೂ ಸಹಿ ಇದೆ. ಸಹಿ ನನ್ನದೇ. ಸಹಿ ಮಾತ್ರ.

ನಿಜವಾದ ತಲೆಬಿಸಿ ಆಮೇಲೆ ಶುರುವಾದದ್ದು. ನಮ್ಮಿಂದ ಹಾಲು ಕೊಳ್ಳುವ ಒಕ್ಕೂಟದವರು ಅದನ್ನು ಇನ್ನೊಮ್ಮೆ ಪರೀಕ್ಷೆ ಮಾಡಿ, ಆ ಫ್ಯಾಟಿಗೆ ನಮಗೆ ದುಡ್ಡು ಕೊಡುತ್ತಾರೆ. ಅವರ ಚೀಟಿಗೂ ನಮ್ಮ ಸರಾಸರಿಗೂ 17 ದಿನದಿಂದ ತಾಳೆಯೇ ಇರಲಿಲ್ಲ. ಅಂದರೆ ನಾವು ಸದಸ್ಯರಿಗೆ ಕಡಿಮೆ ಫ್ಯಾಟಿನ ರೇಟು ಕೊಟ್ಟಿದ್ದೆವು, ನಮಗೆ ಬಂದದ್ದು ಸರಿಯಾದ ರೇಟು, ನಡುವಿನ ದುಡ್ಡು ಸಂಘದ ಲಾಭಕ್ಕೆ ಸೇರಿ ಕೂತಿತ್ತು.

ಕಮಿಟಿ ಮೀಟಿಂಗಲ್ಲಿ ಒಬ್ಬರು, "ಇರಲಿ ಮಾರಾಯ್ರೆ, ವರ್ಷದ ಕೊನೆಗೆ ಬೋನಸ್ ಆಗಿ ಅವರಿಗೇ ಹೋಗ್ತದಲ್ಲ" ಅಂದರು. ಕೇಳಲಿಕ್ಕೆ ಸರಿ ಅನಿಸುತ್ತದೆ, ಅಲ್ವಾ? ಆದರೆ ನಿವ್ವಳ ಲಾಭದಲ್ಲಿ ಮೊದಲು ಶೇಕಡಾ 25 ಮೀಸಲು ನಿಧಿಗೆ ಹೋಗಬೇಕು, ಅದು ಕಾನೂನು. ಇನ್ನೂ ಒಂದೆರಡು ಬಾಬ್ತು ಕಳೆದು ಉಳಿದದ್ದರಲ್ಲಿ ಬೋನಸ್. ಅದನ್ನೂ ನಾವು ಹಂಚುವುದು ಲೀಟರ್ ಲೆಕ್ಕದಲ್ಲಿ. ದಿನಕ್ಕೆ 40 ಲೀಟರ್ ತೆಳು ಹಾಲು ಹಾಕುವವರಿಗೆ ಜಾಸ್ತಿ, 9 ಲೀಟರ್ ದಪ್ಪ ಹಾಲು ಹಾಕುವ ಅಕ್ಕನಿಗೆ ಚಿಲ್ಲರೆ. ಅವರ ದುಡ್ಡಲ್ಲಿ ಊರಿಗೆಲ್ಲ ಬೋನಸ್ ಕೊಟ್ಟ ಹಾಗೆ!

ಎರಡು ಗಂಟೆ ಜಗಳ ಆಯಿತು, ಚಾ ಎರಡು ಸಲ ಬಂತು. ಕೊನೆಗೆ 17 ದಿನದ ಲೆಕ್ಕವನ್ನು ಹೆಸರು ಹೆಸರಾಗಿ ತಿದ್ದಿ, ಮುಂದಿನ ಬಟವಾಡೆಯಲ್ಲೇ ಸೇರಿಸಿ ಕೊಟ್ಟೆವು. ಕಾರಣವನ್ನು ಬೋರ್ಡಿನಲ್ಲಿ ಚಾಕ್‌ಪೀಸಲ್ಲಿ ಬರೆದದ್ದೂ ನಾನೇ, ಕೈ ಸ್ವಲ್ಪ ನಡುಗಿತು. ಮಿಷನ್ನಿನ ಪರದೆ ಈಗ ಕಿಟಕಿ ಕಡೆಗೆ ತಿರುಗಿದೆ, ಸಂಖ್ಯೆ ನನಗಿಂತ ಮೊದಲು ಹಾಲು ತಂದವರಿಗೆ ಕಾಣುತ್ತದೆ.

ಅಕ್ಕ ದುಡ್ಡು ಸರಿ ಇದೆ ಅಂತ ಹೇಳಿದ್ದು ಬಿಟ್ಟರೆ ಬೇರೆ ಏನೂ ಹೇಳಲಿಲ್ಲ. ಆದರೆ ಶನಿವಾರ ಕ್ಯಾನ್ ಖಾಲಿ ಮಾಡಿದ ಮೇಲೆ ಕಿಟಕಿಯೊಳಗೆ ಕೈ ಚಾಚುತ್ತಾರೆ. "ಆ ತೊಳೆಯುವ ಪುಸ್ತಕ ಕೊಡಿ ನೋಡುವ."