ಯಾಸೆರ್ ಅರಾಫತ್ ಬಿಟ್ಟುಹೋದದ್ದನ್ನು ತೂಗುವುದು ಹೇಗೆ

ಪ್ಯಾಲೆಸ್ಟೀನಿಯರ ನಾಯಕ ಯಾಸೆರ್ ಅರಾಫತ್ ಕುರಿತು ಲೇಖನವನ್ನೋ ಉಪನ್ಯಾಸವನ್ನೋ ಸಿದ್ಧಪಡಿಸಲು ಕೂತವರು ಸಾಮಾನ್ಯವಾಗಿ ಹಾಳೆಯ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ‘ವಿಮೋಚಕ’ ಎಂದೂ ಬಲಕ್ಕೆ ‘ಭಯೋತ್ಪಾದಕ’ ಎಂದೂ ಬರೆದುಕೊಂಡು ಸಂಗತಿಗಳನ್ನು ತುಂಬಲು ತೊಡಗುತ್ತಾರೆ. ಹಾಗೆ ತೊಡಗಿದರೆ ಕೊನೆಗೆ ಕೈಗೆ ಸಿಗುವುದು ‘ಅವರು ಎರಡೂ ಆಗಿದ್ದರು’ ಎಂಬ, ಯಾರ ಉಪಯೋಗಕ್ಕೂ ಬಾರದ ತೀರ್ಪು. ಗೆರೆಯನ್ನು ಬೇರೆ ರೀತಿ ಎಳೆಯಬೇಕು. ಅರಾಫತ್ ಅವರ ಮೇಲಿರುವ ದೂರುಗಳು ಹಲವು, ದೂರುವವರೂ ಹಲವರು. ಹಿಂಸೆಗೆ ಹೊಣೆಗಾರರೆಂಬ ಆರೋಪವೂ 2000ರ ಕ್ಯಾಂಪ್ ಡೇವಿಡ್ ಸಂಧಾನವನ್ನು ಕೆಡಿಸಿದರೆಂಬ ಆರೋಪವೂ ಹೆಚ್ಚಾಗಿ ಇಸ್ರೇಲ್ ಮತ್ತು ಅಮೆರಿಕದ ಕಡೆಯಿಂದ ಬರುತ್ತವೆ. ಇಸ್ರೇಲಿನೊಂದಿಗಿನ 1993ರ ಓಸ್ಲೊ ಒಪ್ಪಂದದಲ್ಲಿ ತಮ್ಮವರ ಹಕ್ಕುಗಳನ್ನು ಅಗ್ಗಕ್ಕೆ ಬಿಟ್ಟುಕೊಟ್ಟರೆಂಬುದು, ಅಧಿಕಾರವನ್ನೂ ಹಣವನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದರೆಂಬುದು ಬಹುಪಾಲು ಪ್ಯಾಲೆಸ್ಟೀನಿಯರದೇ ದೂರು. ಈ ಎರಡನೆಯ ಗುಂಪಿನ ಮಾತನ್ನು ಕೇಳಿಸಿಕೊಳ್ಳದ ಬರಹ ಎಷ್ಟೇ ಸಮತೂಕದ್ದಾಗಿ ಕಂಡರೂ ಅರ್ಧ ಬರಹವೇ.

ಆದ್ದರಿಂದ ಮೊದಲ ಕೆಲಸವೆಂದರೆ, ಓದುವಾಗ ಸಿಗುವ ಪ್ರತಿಯೊಂದು ಹೊಗಳಿಕೆಯ ಮತ್ತು ದೂರಿನ ಎದುರು, ಹೇಳುತ್ತಿರುವವರು ಎಲ್ಲಿ ನಿಂತು ಹೇಳುತ್ತಿದ್ದಾರೆ ಮತ್ತು ಯಾವ ವರ್ಷದ ಅರಾಫತ್ ಅವರನ್ನು ಕುರಿತು ಹೇಳುತ್ತಿದ್ದಾರೆ ಎಂಬ ಎರಡು ಸಂಗತಿಗಳನ್ನು ಬರೆದುಕೊಳ್ಳುವುದು. ಲೆಬನಾನಿನ ಶಿಬಿರದಲ್ಲಿ ಹುಟ್ಟಿ ಬೆಳೆದ ನಿರಾಶ್ರಿತನ ಅರಾಫತ್ ಬೇರೆ, ಪಶ್ಚಿಮ ದಂಡೆಯ ರಾಮಲ್ಲಾದ ವಕೀಲನ ಅರಾಫತ್ ಬೇರೆ.

ಕೈ ಪಳಗಿಸಿಕೊಳ್ಳಲು ಅವರ ಜನ್ಮಸ್ಥಳದಿಂದಲೇ ಆರಂಭಿಸಬಹುದು. ತಾವು ಹುಟ್ಟಿದ್ದು ಜೆರುಸಲೇಮಿನಲ್ಲಿ ಎಂದು ಅರಾಫತ್ ಹೇಳಿಕೊಳ್ಳುತ್ತಿದ್ದರು; ದಾಖಲೆಗಳ ಪ್ರಕಾರ ಅವರು 1929ರ ಆಗಸ್ಟಿನಲ್ಲಿ ಕೈರೋದಲ್ಲಿ ಹುಟ್ಟಿದವರು. ಇದನ್ನು ಹಿಡಿದು ‘ಸುಳ್ಳುಗಾರ’ ಎಂದು ಮುಗಿಸುವುದು ಸುಲಭ, ಮುಚ್ಚಿಟ್ಟು ಮುಂದೆ ಹೋಗುವುದು ಇನ್ನೂ ಸುಲಭ. ಸಂಗತಿಯನ್ನು ಒಂದು ವಾಕ್ಯದಲ್ಲಿ ಸರಿಯಾಗಿ ಹೇಳಿ, ಊರು ಕಳೆದುಕೊಂಡ ಜನರ ನಾಯಕನಿಗೆ ಆ ಊರೇ ತನ್ನ ಹುಟ್ಟೂರೆಂದು ಹೇಳುವ ಅಗತ್ಯ ಏಕೆ ಬಿತ್ತು ಎಂಬುದನ್ನು ಇನ್ನೊಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಅನಂತರ ಕಾಲಾನುಕ್ರಮಣಿಕೆ ಬೇಕು. ಅದನ್ನು ಇಸವಿಗಳ ಮೇಲೆ ಕಟ್ಟುವುದಕ್ಕಿಂತ ಊರುಗಳ ಮೇಲೆ ಕಟ್ಟುವುದು ಲೇಸು. ಕೈರೋ, ಕುವೈತ್, ಅಮ್ಮಾನ್, ಬೈರೂತ್, ಟ್ಯೂನಿಸ್, ಗಾಜಾ, ರಾಮಲ್ಲಾ ಎಂಬ ಈ ಏಳು ಊರುಗಳಲ್ಲಿ ಅವರು ಏನು ಕಟ್ಟಿದರು, ಹೊರಟಾಗ ಹಿಂದೆ ಉಳಿದವರಿಗೆ ಏನಾಯಿತು ಎಂದು ಕೇಳುತ್ತ ಹೋಗಿ. ಕುವೈತಿನಲ್ಲಿ ಎಂಜಿನಿಯರ್ ಆಗಿದ್ದಾಗ ಗೆಳೆಯರೊಂದಿಗೆ ಸೇರಿ 1950ರ ದಶಕದ ಕೊನೆಗೆ ಫತಹ್ ಎಂಬ ಹೋರಾಟದ ಸಂಘಟನೆಯನ್ನು ಕಟ್ಟಿದರು. ಜೋರ್ಡಾನಿನ ಕರಾಮೆ ಎಂಬಲ್ಲಿ 1968ರ ಮಾರ್ಚ್ 21ರಂದು ಇಸ್ರೇಲ್ ಸೇನೆಯ ಎದುರು ನಡೆದ ಕಾಳಗ ಅವರನ್ನು ಅರಬ್ ಜಗತ್ತಿಗೆಲ್ಲ ಪರಿಚಯಿಸಿತು; ಆ ದಿನದ ಹೋರಾಟದ ದೊಡ್ಡ ಭಾರವನ್ನು ಹೊತ್ತದ್ದು ಜೋರ್ಡಾನ್ ಸೇನೆಯ ಫಿರಂಗಿಗಳು ಮತ್ತು ಟ್ಯಾಂಕುಗಳು ಎಂಬುದು ಐತಿಹ್ಯದಲ್ಲಿ ಮರೆಯಾಗುತ್ತದೆ. 1969ರ ಫೆಬ್ರುವರಿಯಲ್ಲಿ ಅವರು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯ, ಅಂದರೆ ಪಿಎಲ್‌ಒದ ಅಧ್ಯಕ್ಷರಾದರು. 1970ರ ಸೆಪ್ಟೆಂಬರಿನಲ್ಲಿ ಜೋರ್ಡಾನ್ ಸೇನೆಯೊಂದಿಗೆ ಘರ್ಷಣೆ, ಮರುವರ್ಷ ಅಲ್ಲಿಂದ ಉಚ್ಚಾಟನೆ. ಲೆಬನಾನಿನಲ್ಲಿ ರಾಜ್ಯದೊಳಗೊಂದು ರಾಜ್ಯ, 1982ರಲ್ಲಿ ಇಸ್ರೇಲಿನ ಆಕ್ರಮಣ, ಆಗಸ್ಟ್ ಕೊನೆಗೆ ಬೈರೂತಿನಿಂದ ಹಡಗಿನಲ್ಲಿ ನಿರ್ಗಮನ. ಎರಡೇ ವಾರ ಕಳೆದು ಸೆಪ್ಟೆಂಬರ್ ಮಧ್ಯದಲ್ಲಿ, ಕಾಯುವವರಿಲ್ಲದ ಸಬ್ರಾ ಮತ್ತು ಶತೀಲಾ ಎಂಬ ಬೈರೂತಿನ ನಿರಾಶ್ರಿತ ನೆಲೆಗಳಲ್ಲಿ ಲೆಬನಾನಿನ ಕ್ರೈಸ್ತ ಫಲಾಂಜಿ ಪಡೆಗಳು ನಡೆಸಿದ ಕಗ್ಗೊಲೆ.

ಈ ಪಟ್ಟಿಯಲ್ಲಿ ಬರಹಗಾರರು ಹೆಚ್ಚಾಗಿ ಹಾರಿಸಿಬಿಡುವುದು ಕುವೈತಿನ ಎರಡನೆಯ ಅಧ್ಯಾಯವನ್ನು. 1990ರ ಆಗಸ್ಟಿನಲ್ಲಿ ಸದ್ದಾಂ ಹುಸೇನ್ ಕುವೈತನ್ನು ನುಂಗಿದಾಗ ಅರಾಫತ್ ಅವರ ಒಲವು ಇರಾಕಿನ ಕಡೆಗಿತ್ತು. ಆಗ ಕುವೈತಿನಲ್ಲಿ ಸುಮಾರು 4 ಲಕ್ಷ ಪ್ಯಾಲೆಸ್ಟೀನಿಯರಿದ್ದರು: ಶಿಕ್ಷಕರು, ಎಂಜಿನಿಯರುಗಳು, ಗುಮಾಸ್ತರು, ಮೂವತ್ತು ವರ್ಷದಿಂದ ಅಲ್ಲೇ ಮನೆ ಮಾಡಿಕೊಂಡವರು. ಯುದ್ಧ ಮುಗಿಯುವ ಹೊತ್ತಿಗೆ ಮತ್ತು ಮುಗಿದ ಮೇಲೆ ಅವರಲ್ಲಿ ಬಹುಪಾಲು ಜನ ಹೊರಬಿದ್ದರು, ಗಲ್ಫ್ ದೇಶಗಳ ಧನಸಹಾಯವೂ ನಿಂತಿತು. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳೂ ಅದೇ ಯುದ್ಧದಲ್ಲಿ ಕುವೈತ್ ಬಿಟ್ಟು, ಅಮ್ಮಾನ್ ಮಾರ್ಗವಾಗಿ ವಿಮಾನ ಹತ್ತಿ ಬಂದವು. ಅವರಿಗೆ ಹಿಂತಿರುಗಲು ಒಂದು ಊರಿತ್ತು. ಮೂರು ವರ್ಷದ ನಂತರ ಅರಾಫತ್ ಓಸ್ಲೊಗೆ ಒಪ್ಪಿದ್ದು ಖಾಲಿ ಬೊಕ್ಕಸದ, ಮಿತ್ರರಿಲ್ಲದ ಸಂಘಟನೆಯೊಂದರ ಮುಖ್ಯಸ್ಥರಾಗಿ ಎಂಬುದು ಇಲ್ಲಿಂದಲ್ಲದೆ ಅರ್ಥವಾಗುವುದಿಲ್ಲ.

ಹಿಂಸೆಯ ಕುರಿತು ಬರೆಯುವಾಗ ಯಾವ ಕೃತ್ಯ ಯಾರದೆಂದು ಬಿಡಿಸಿ ಹೇಳುವುದು ಕಡ್ಡಾಯ. 1970ರಲ್ಲಿ ವಿಮಾನಗಳನ್ನು ಅಪಹರಿಸಿ ಜೋರ್ಡಾನಿನ ಮರುಭೂಮಿಯಲ್ಲಿ ಇಳಿಸಿದ್ದು ಪಿಎಲ್‌ಒದ ಇನ್ನೊಂದು ಬಣವಾದ, ಜಾರ್ಜ್ ಹಬಶ್ ಅವರ ಪಾಪ್ಯುಲರ್ ಫ್ರಂಟ್, ಫತಹ್ ಅಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಇಸ್ರೇಲ್ ತಂಡದ 11 ಜನರ ಸಾವಿಗೆ ಕಾರಣವಾದ ಬ್ಲ್ಯಾಕ್ ಸೆಪ್ಟೆಂಬರ್ ಎಂಬ ಗುಂಪು ಮಾತ್ರ ಫತಹ್‌ನ ಒಡಲಿನಿಂದಲೇ ಬಂದದ್ದು. ಅರಾಫತ್ ಅವರಿಗೆ ಎಷ್ಟು ತಿಳಿದಿತ್ತು ಎಂಬುದು ಇಂದಿಗೂ ವಾದದ ವಿಷಯ. 1985ರಲ್ಲಿ ಅಕಿಲೆ ಲೌರೊ ಹಡಗನ್ನು ಅಪಹರಿಸಿ, ಗಾಲಿಕುರ್ಚಿಯಲ್ಲಿದ್ದ ವೃದ್ಧ ಪ್ರಯಾಣಿಕ ಲಿಯೋನ್ ಕ್ಲಿಂಗ್‌ಹಾಫರ್ ಅವರನ್ನು ಕೊಂದ ಬಣದ ನಾಯಕ ಅಬು ಅಬ್ಬಾಸ್ ಪಿಎಲ್‌ಒ ಕಾರ್ಯಕಾರಿ ಸಮಿತಿಯ ಸದಸ್ಯರಾಗಿದ್ದರು. ಹೀಗೆ ಬಿಡಿಸಿ ಹೇಳಿದ ಮಾತ್ರಕ್ಕೆ ಯಾರನ್ನೂ ದೋಷಮುಕ್ತರನ್ನಾಗಿ ಮಾಡಿದಂತಾಗುವುದಿಲ್ಲ: ಈ ಬಣಗಳನ್ನೆಲ್ಲ ಒಂದೇ ಚಪ್ಪರದಡಿ ಇಟ್ಟುಕೊಂಡು, ಬೇಕಾದಾಗ ತಮ್ಮವರೆಂದೂ ಬೇಡವಾದಾಗ ತಮಗೆ ತಿಳಿಯದೆಂದೂ ಹೇಳುವ ಅನುಕೂಲವನ್ನು ಅರಾಫತ್ ದೀರ್ಘಕಾಲ ಬಳಸಿಕೊಂಡರು ಎಂದು ಬರೆಯುವುದಕ್ಕೆ ನಾನು ಹಿಂಜರಿಯುವುದಿಲ್ಲ. 1974ರ ನವೆಂಬರ್ 13ರಂದು ವಿಶ್ವಸಂಸ್ಥೆಯಲ್ಲಿ ಅವರು ಆಲಿವ್ ಕೊಂಬೆಯನ್ನೂ ಹೋರಾಟಗಾರನ ಬಂದೂಕನ್ನೂ ಒಂದೇ ವಾಕ್ಯದಲ್ಲಿ ಎತ್ತಿ ತೋರಿಸಿದ್ದು ಇದಕ್ಕೆ ಒಪ್ಪುವ ಚಿತ್ರವೇ.

ಮುಂದಿನ ಹೆಜ್ಜೆಗೆ ಸ್ವಲ್ಪ ತಾಳ್ಮೆ ಬೇಕು. ಓಸ್ಲೊ ಕುರಿತು ಬರೆಯುವವರೆಲ್ಲ 1993ರ ಸೆಪ್ಟೆಂಬರ್ 13ರಂದು ಅರಾಫತ್ ಮತ್ತು ಇಸ್ರೇಲ್ ಪ್ರಧಾನಿ ಇಟ್ಸ್‌ಹಾಕ್ ರಾಬಿನ್ ಮಾಡಿದ ಹಸ್ತಲಾಘವದ ಫೋಟೋವನ್ನು ವರ್ಣಿಸುತ್ತಾರೆ. ಅದನ್ನು ಬದಿಗಿಟ್ಟು, ನಾಲ್ಕು ದಿನ ಮೊದಲಿನ, ಅಂದರೆ 9ನೇ ತಾರೀಖಿನಂದು ಅವರಿಬ್ಬರೂ ಒಬ್ಬರಿಗೊಬ್ಬರು ಬರೆದ ಪತ್ರಗಳನ್ನು ಪಕ್ಕ ಪಕ್ಕ ಇಟ್ಟು ಓದಿ. ಅರಾಫತ್ ಅವರ ಪತ್ರ ಉದ್ದವಾಗಿದೆ: ಶಾಂತಿ ಮತ್ತು ಭದ್ರತೆಯಲ್ಲಿ ಅಸ್ತಿತ್ವದಲ್ಲಿರುವ ಇಸ್ರೇಲ್ ರಾಜ್ಯದ ಹಕ್ಕನ್ನು ಮಾನ್ಯ ಮಾಡುತ್ತದೆ, ಯುದ್ಧದಲ್ಲಿ ಹಿಡಿದ ನೆಲಕ್ಕೆ ಬದಲಾಗಿ ಶಾಂತಿ ಎನ್ನುವ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 242 ಮತ್ತು 338ನೇ ನಿರ್ಣಯಗಳನ್ನು ಒಪ್ಪುತ್ತದೆ, ಭಯೋತ್ಪಾದನೆಯನ್ನೂ ಇತರ ಹಿಂಸಾಕೃತ್ಯಗಳನ್ನೂ ತ್ಯಜಿಸುತ್ತದೆ, ತಪ್ಪಿ ನಡೆದ ತನ್ನವರನ್ನು ಶಿಸ್ತಿಗೆ ಒಳಪಡಿಸುವ ಹೊಣೆ ಹೊರುತ್ತದೆ, ಇಸ್ರೇಲನ್ನು ನಿರಾಕರಿಸುವ ಪಿಎಲ್‌ಒ ಸನ್ನದಿನ ವಿಧಿಗಳು ಇನ್ನು ಜಾರಿಯಲ್ಲಿಲ್ಲ ಎನ್ನುತ್ತದೆ. ರಾಬಿನ್ ಅವರ ಉತ್ತರದ ತಿರುಳು ಒಂದೇ ಒಂದು ವಾಕ್ಯ: ಈ ಭರವಸೆಗಳ ಹಿನ್ನೆಲೆಯಲ್ಲಿ ಪಿಎಲ್‌ಒವನ್ನು ಪ್ಯಾಲೆಸ್ಟೀನ್ ಜನತೆಯ ಪ್ರತಿನಿಧಿಯೆಂದು ಮಾನ್ಯ ಮಾಡಿ ಮಾತುಕತೆ ಆರಂಭಿಸಲು ಇಸ್ರೇಲ್ ಸರ್ಕಾರ ನಿರ್ಧರಿಸಿದೆ. ಒಂದು ಕಡೆ ರಾಜ್ಯಕ್ಕೆ ಮಾನ್ಯತೆ, ಇನ್ನೊಂದು ಕಡೆ ಸಂಘಟನೆಗೆ ಮಾನ್ಯತೆ. ಪ್ಯಾಲೆಸ್ಟೀನ್ ರಾಜ್ಯವೆಂಬ ಶಬ್ದವಾಗಲಿ, ಆಕ್ರಮಿತ ನೆಲದಲ್ಲಿ ಇಸ್ರೇಲಿ ವಸಾಹತುಗಳ ನಿರ್ಮಾಣ ನಿಲ್ಲಿಸುವ ಮಾತಾಗಲಿ ಅಲ್ಲಿಲ್ಲ. ಬಹಳ ಹಿಂದೆ ನಾನೇ ಒಂದು ಟಿಪ್ಪಣಿಯಲ್ಲಿ ‘ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಪರಸ್ಪರ ಮಾನ್ಯ ಮಾಡಿದವು’ ಎಂದು ಬರೆದು, ಪತ್ರಗಳನ್ನು ಓದಿದ್ದ ಹಿರಿಯರೊಬ್ಬರಿಂದ ಬೈಸಿಕೊಂಡಿದ್ದೆ; ಬೈದದ್ದು ಸರಿಯಾಗಿಯೇ ಇತ್ತು.

ಈ ಅಸಮತೆಯನ್ನು ಕಣ್ಣಾರೆ ಕಂಡ ಮೇಲೆ ಪ್ಯಾಲೆಸ್ಟೀನಿ ಟೀಕಾಕಾರರ ಸಿಟ್ಟು ತಾನಾಗಿ ತಿಳಿಯುತ್ತದೆ. ಪ್ಯಾಲೆಸ್ಟೀನಿ ಮೂಲದ ವಿದ್ವಾಂಸ ಎಡ್ವರ್ಡ್ ಸೈದ್ ಆ ಒಪ್ಪಂದವನ್ನು, ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಹೇರಿದ ಒಪ್ಪಂದಕ್ಕೆ ಹೋಲಿಸಿ, ಪ್ಯಾಲೆಸ್ಟೀನಿಯರ ವರ್ಸೇಲ್ಸ್ ಎಂದು ಕರೆದರು. 1988ರ ಸ್ವಾತಂತ್ರ್ಯ ಘೋಷಣೆಯನ್ನು ಬರೆದುಕೊಟ್ಟಿದ್ದ ಕವಿ ಮಹಮೂದ್ ದರ್ವೀಶ್ ಪಿಎಲ್‌ಒ ಕಾರ್ಯಕಾರಿ ಸಮಿತಿಯಿಂದ ಹೊರನಡೆದರು. ಪೂರ್ವ ಜೆರುಸಲೇಮನ್ನು ಬಿಟ್ಟು ಪಶ್ಚಿಮ ದಂಡೆಯಲ್ಲಿ 1993ರಲ್ಲಿ ಸುಮಾರು 1 ಲಕ್ಷ 10 ಸಾವಿರವಿದ್ದ ಇಸ್ರೇಲಿ ವಸಾಹತುದಾರರು 2000ದ ಹೊತ್ತಿಗೆ ಸುಮಾರು 1 ಲಕ್ಷ 90 ಸಾವಿರವಾದರು. ಅರಾಫತ್ ಪರ ಹೇಳಬಹುದಾದದ್ದೂ ಇಲ್ಲೇ ಇದೆ, ಅದನ್ನು ಬಿಡಬಾರದು: 1948ರಿಂದ ಯಾರೋ ಒಬ್ಬರ ಅತಿಥಿಗಳಾಗಿಯೋ ಕೈದಿಗಳಾಗಿಯೋ ಇದ್ದ ಜನರ ನಾಯಕತ್ವ 1994ರ ಜುಲೈ 1ರಂದು ಮೊದಲ ಬಾರಿಗೆ ತನ್ನ ನೆಲಕ್ಕೆ ಕಾಲಿಟ್ಟಿತು, ಮತ್ತು ಗಾಜಾದ ಬೀದಿಗಳಲ್ಲಿ ಅಂದು ನೆರೆದ ಜನ ಬಾಡಿಗೆಯವರಾಗಿರಲಿಲ್ಲ.

ಕ್ಯಾಂಪ್ ಡೇವಿಡ್ ವಿಚಾರದಲ್ಲಿ ಹುಷಾರಾಗಿರಿ. 2000ದ ಜುಲೈನ ಆ ಎರಡು ವಾರಗಳಲ್ಲಿ ಇಸ್ರೇಲ್ ಪ್ರಧಾನಿ ಎಹುದ್ ಬರಾಕ್ ಪಶ್ಚಿಮ ದಂಡೆಯ ಎಷ್ಟು ಪಾಲು ಕೊಡಲು ಒಪ್ಪಿದರು ಎಂಬುದಕ್ಕೆ ಎರಡೂ ಕಡೆ ಸಹಿ ಹಾಕಿದ ದಾಖಲೆ ಇಲ್ಲ. ಹೇಳುವವರು ಬದಲಾದಂತೆ ಶೇಕಡಾವಾರು ಅಂಕಿಯೂ ಬದಲಾಗುತ್ತದೆ. ಅಂಕಿ ಬರೆಯುವುದಾದರೆ ಅದು ಯಾರ ನೆನಪಿನದೆಂದು ಅದರ ಜೊತೆಗೇ ಬರೆಯಬೇಕು. ಅಮೆರಿಕದ ತಂಡದಲ್ಲೇ ಒಮ್ಮತವಿರಲಿಲ್ಲ: ಡೆನಿಸ್ ರಾಸ್ ಅರಾಫತ್ ಅವರನ್ನು ಹೊಣೆಯಾಗಿಸಿದರೆ, ಅದೇ ತಂಡದಲ್ಲಿದ್ದ ರಾಬರ್ಟ್ ಮ್ಯಾಲಿ ತಪ್ಪು ಇಸ್ರೇಲ್, ಪ್ಯಾಲೆಸ್ಟೀನ್, ಅಮೆರಿಕ ಈ ಮೂರೂ ಕಡೆಯವರದು ಎಂದರು. ಕಥೆಯನ್ನು ಜುಲೈಗೇ ನಿಲ್ಲಿಸಬಾರದು. ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಡಿಸೆಂಬರ್ 23ರಂದು ಮುಂದಿಟ್ಟ ಸೂತ್ರಗಳು ಮತ್ತು 2001ರ ಜನವರಿಯಲ್ಲಿ ಈಜಿಪ್ಟಿನ ತಾಬಾದಲ್ಲಿ ನಡೆದ ಮಾತುಕತೆ ಬಾರದ ಬರಹದಲ್ಲಿ ‘ನಿರಾಕರಿಸಿದರು’ ಎಂಬ ಕ್ರಿಯಾಪದಕ್ಕೆ ನೆಲೆಯಿಲ್ಲ. ಅರಾಫತ್ ಪ್ರತಿಪ್ರಸ್ತಾಪವನ್ನು ಸ್ಪಷ್ಟವಾಗಿ ಮಂಡಿಸದೆ ಕಾಲ ತಳ್ಳಿದರೆಂಬ ದೂರು ಮಾತ್ರ ಅವರ ಬಗ್ಗೆ ಸಹಾನುಭೂತಿ ಇದ್ದವರಿಂದಲೂ ಬಂದಿದೆ, ಅದಕ್ಕೆ ಜಾಗ ಕೊಡಿ.

ಆಡಳಿತದ ಭಾಗಕ್ಕೆ ಬಂದಾಗ ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ತೊಡಕು ಎದುರಾಗುತ್ತದೆ. ಅರಬ್ಬಿಯ ‘ರಯೀಸ್’ ಎಂಬ ಪದ ಸಂಘಟನೆಯ ಮುಖ್ಯಸ್ಥನಿಗೂ ದೇಶದ ಮುಖ್ಯಸ್ಥನಿಗೂ ಸಲ್ಲುತ್ತದೆ. ಅರಾಫತ್ ಅವರನ್ನು ದೇಶದ ಮುಖ್ಯಸ್ಥರೆಂದು ಒಪ್ಪಲು ಇಸ್ರೇಲ್ ಸಿದ್ಧವಿರಲಿಲ್ಲ, ಅದಕ್ಕಿಂತ ಕಡಿಮೆಗೆ ಪ್ಯಾಲೆಸ್ಟೀನಿಯರು ಸಿದ್ಧರಿರಲಿಲ್ಲ. ಆದ್ದರಿಂದ ಇಬ್ಬರ ನಡುವಿನ 1995ರ ಒಪ್ಪಂದದ ಇಂಗ್ಲಿಷ್ ಪಠ್ಯದಲ್ಲಿ ಆ ಅರಬ್ಬಿ ಪದವನ್ನೇ ಅನುವಾದಿಸದೆ ಉಳಿಸಿಕೊಳ್ಳಲಾಯಿತು. ನಮ್ಮ ‘ಅಧ್ಯಕ್ಷ’ವೂ ಹಾಗೆಯೇ: ಗ್ರಾಮ ಪಂಚಾಯಿತಿಗೂ ಅಧ್ಯಕ್ಷರು, ಅಮೆರಿಕಕ್ಕೂ ಅಧ್ಯಕ್ಷರು. ಪದ ಅನುಕೂಲವಾಗಿದೆ ಎಂಬ ಕಾರಣಕ್ಕೇ ಜಗಳ ಮಾಯವಾಗುತ್ತದೆ. ಆದ್ದರಿಂದ ‘ಪಿಎಲ್‌ಒ ಅಧ್ಯಕ್ಷ’ ಮತ್ತು ‘ಪ್ಯಾಲೆಸ್ಟೀನ್ ಪ್ರಾಧಿಕಾರದ ಅಧ್ಯಕ್ಷ’ ಎಂದು ಪ್ರತಿ ಬಾರಿಯೂ ಪೂರ್ತಿಯಾಗಿ ಬರೆಯಿರಿ. ಮೊದಲನೆಯದಕ್ಕೆ ಅವರನ್ನು ಆರಿಸಿದ್ದು ಸಂಘಟನೆ. ಎರಡನೆಯದಕ್ಕೆ, ಅಂದರೆ ಓಸ್ಲೊದಿಂದ ಹುಟ್ಟಿದ ಸ್ವಯಮಾಡಳಿತ ಸಂಸ್ಥೆಗೆ, 1996ರ ಜನವರಿ 20ರಂದು ಪಶ್ಚಿಮ ದಂಡೆ ಮತ್ತು ಗಾಜಾದ ಮತದಾರರು ಶೇಕಡಾ 88ರ ಆಸುಪಾಸು ಮತ ಕೊಟ್ಟು ಆರಿಸಿದರು. ಲೆಬನಾನ್, ಸಿರಿಯಾ, ಜೋರ್ಡಾನಿನ ನಿರಾಶ್ರಿತರಿಗೆ ಆ ಮತವಿರಲಿಲ್ಲ.

ಅದೇ ಚುನಾವಣೆಯಲ್ಲಿ ಆರಿಸಿಬಂದ ಶಾಸನಸಭೆ 1997ರಲ್ಲಿ ಅಂಗೀಕರಿಸಿದ ಮೂಲಭೂತ ಕಾನೂನಿಗೆ ಅರಾಫತ್ ಸಹಿ ಹಾಕಿದ್ದು 2002ರಲ್ಲಿ. ನಡುವೆ 1999ರ ನವೆಂಬರಿನಲ್ಲಿ ಇಪ್ಪತ್ತು ಮಂದಿ ಶಾಸಕರೂ ಚಿಂತಕರೂ ಭ್ರಷ್ಟಾಚಾರದ ವಿರುದ್ಧ ಮನವಿಯೊಂದಕ್ಕೆ ಸಹಿ ಹಾಕಿದಾಗ, ಅವರಲ್ಲಿ ಹಲವರನ್ನು ಬಂಧಿಸಲಾಯಿತು. ಹಣದ ವಿಷಯದಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ 2003ರ ವರದಿಯನ್ನು ಆಧರಿಸಿ: 1995ರಿಂದ 2000ದವರೆಗೆ ಸುಮಾರು 90 ಕೋಟಿ ಡಾಲರ್ ಬಜೆಟ್ಟಿನ ಹೊರಗೆ, ಅರಾಫತ್ ಅವರ ಹತೋಟಿಯಲ್ಲಿದ್ದ ಖಾತೆಗೆ ಹೋಗಿತ್ತು. ಅದರ ಬಹುಭಾಗ ವಾಣಿಜ್ಯ ಹೂಡಿಕೆಗಳಾಗಿ ಪತ್ತೆಯಾಯಿತು ಎಂಬುದನ್ನೂ ಸೇರಿಸಬೇಕು; ಇಲ್ಲದಿದ್ದರೆ ‘90 ಕೋಟಿ ನುಂಗಿದರು’ ಎಂದಾಗಿಬಿಡುತ್ತದೆ. ತಮ್ಮ ಉಡುಪು, ಊಟದಲ್ಲಿ ಅವರು ಸರಳರೇ ಆಗಿದ್ದರು. ಹಣ ಅವರಿಗೆ ನಿಷ್ಠೆ ಕೊಳ್ಳುವ ಸಾಧನವಾಗಿತ್ತು, ನನ್ನ ಎಣಿಕೆಯಲ್ಲಿ ಅದು ಹೆಚ್ಚು ಗಂಭೀರವಾದ ದೋಷ.

ಭಾರತದ ಓದುಗರಿಗೆ ಬರೆಯುವಾಗ ನಮ್ಮ ನೆನಪಿನ ಅರಾಫತ್ ಯಾವ ಕಾಲದವರು ಎಂಬುದನ್ನೂ ಗಮನಿಸಬೇಕು. ಅರಬೇತರ ದೇಶಗಳಲ್ಲಿ ಪಿಎಲ್‌ಒವನ್ನು ಮೊದಲು ಮಾನ್ಯ ಮಾಡಿದ್ದು ಭಾರತ, 1974ರಲ್ಲಿ. 1983ರ ದೆಹಲಿಯ ಅಲಿಪ್ತ ಶೃಂಗಸಭೆ, 1984ರಲ್ಲಿ ಇಂದಿರಾ ಗಾಂಧಿಯವರ ಅಂತ್ಯಕ್ರಿಯೆಗೆ ಬಂದು ಕಣ್ಣೀರಿಟ್ಟ ಅರಾಫತ್, ಇವು ಒಂದು ತಲೆಮಾರಿನ ಮನಸ್ಸಿನಲ್ಲಿ ಉಳಿದಿವೆ. 1992ರಲ್ಲಿ ಭಾರತ ಇಸ್ರೇಲಿನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿತು. ದೆಹಲಿಯ ನಿಲುವು ಬದಲಾದದ್ದು ದೆಹಲಿಯ ಚರಿತ್ರೆ. ಅದನ್ನು ಅರಾಫತ್ ಅವರನ್ನು ಅಳೆಯುವ ಕೋಲಾಗಿಸಬಾರದು.

ಕೊನೆಯದಾಗಿ ಸಾವು. ರಾಮಲ್ಲಾದಲ್ಲಿ ತಮ್ಮ ಕಚೇರಿಯಿದ್ದ ಮುಕಾತಾ ಕಟ್ಟಡದಲ್ಲಿ ಇಸ್ರೇಲ್ ಸೇನೆಯ ದಿಗ್ಬಂಧನದಲ್ಲಿ ಎರಡೂವರೆ ವರ್ಷ ಕಳೆದ ಅವರು 2004ರ ನವೆಂಬರ್ 11ರಂದು ಪ್ಯಾರಿಸ್ ಬಳಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. 2012ರಲ್ಲಿ ಗೋರಿ ತೆರೆದು ಮಾದರಿಗಳನ್ನು ತೆಗೆಯಲಾಯಿತು. ಪೊಲೋನಿಯಂ ಎಂಬ ವಿಕಿರಣಶೀಲ ವಸ್ತುವಿನಿಂದ ವಿಷಪ್ರಾಶನವಾಯಿತೆಂಬ ಶಂಕೆಗೆ ತಮ್ಮ ಫಲಿತಾಂಶ ಮಿತವಾಗಿ ಪುಷ್ಟಿ ಕೊಡುತ್ತದೆ ಎಂದು ಸ್ವಿಸ್ ತಂಡ ಹೇಳಿದರೆ, ಫ್ರೆಂಚ್ ಮತ್ತು ರಷ್ಯನ್ ತಜ್ಞರು ಸಹಜ ಸಾವೆಂದರು. ‘ವಿಷವಿಕ್ಕಿ ಕೊಂದರು’ ಎಂದೂ ಬರೆಯಬೇಡಿ, ‘ವದಂತಿ’ ಎಂದೂ ತಳ್ಳಿಹಾಕಬೇಡಿ. ಮೂರು ತಂಡಗಳ ಮಾತನ್ನು ಇದ್ದ ಹಾಗೆ ಇಡಿ. ಅವರನ್ನು ಮಣ್ಣುಮಾಡಿದ್ದು ಅದೇ ಮುಕಾತಾದ ಅಂಗಳದಲ್ಲಿ. ಮುಂದೊಂದು ದಿನ ಜೆರುಸಲೇಮಿಗೆ ಒಯ್ಯುವ ಉದ್ದೇಶದಿಂದ ಆ ಗೋರಿಯನ್ನು ತಾತ್ಕಾಲಿಕವೆಂದೇ ಪರಿಗಣಿಸಲಾಗಿದೆ. ಬರಹದಲ್ಲಿ ‘ಸಮಾಧಿ’ ಎಂಬ ಪದದ ಹಿಂದೆ ‘ತಾತ್ಕಾಲಿಕ’ ಎಂಬುದನ್ನು ಸೇರಿಸಲು ಮರೆಯಬೇಡಿ.