ಹೊಳೆದಂಡೆಯ ತಗ್ಗನ್ನು ಕೆರೆ ಮಾಡಬೇಡಿ

ಹರಿಹರ, ಹೊನ್ನಾಳಿ ಕಡೆ ತುಂಗಭದ್ರೆಯ ದಂಡೆಗುಂಟ ಇರುವ ತಗ್ಗುಗಳು ಮುಂಗಾರಿನ ನೆರೆಗೆ ತುಂಬಿ, ಹೊಳೆ ಇಳಿದಂತೆ ತಾವೂ ಇಳಿಯಬೇಕು. ಇಟ್ಟಿಗೆ ಭಟ್ಟಿಗೆ ಮಣ್ಣು ಹೋದ, ಬದು ಏರಿಸಿ, ಹೊಳೆ ನೀರು ಬಂದು ಹೋಗುವ ಬಾಯಿ ಕಟ್ಟಿದ ತಗ್ಗನ್ನು ಸರಿಪಡಿಸಲು ಹೊರಟವರು ಮೊದಲು ಹಿಟಾಚಿ ತರಿಸಿ ಆಳ ತೋಡಿಸುತ್ತಾರೆ. ಕೆಲಸ ಕೆಡುವುದೇ ಅಲ್ಲಿ. ಹೊಳೆಯೇ ತಂದು ಹಾಸಿದ ಜೇಡಿಯ ಪದರದ ಅಡಿ ಸಾಮಾನ್ಯವಾಗಿ ಮರಳಿರುತ್ತದೆ. ಪದರ ಹರಿದರೆ ನೀರೆಲ್ಲ ಕೆಳಗಿಳಿದು ಹೋಗುತ್ತದೆ.

ಮಾರ್ಚ್‌ನಲ್ಲಿ ನೆಲ ಒಣಗಿದಾಗ 25 ಮೀಟರಿಗೊಂದರಂತೆ ಒಂದೂವರೆ ಮೀಟರ್ ಆಳದ ಗುಂಡಿ ತೆಗೆದು ನೋಡಿ. ಮಣ್ಣನ್ನು ನೆನೆಸಿ, ನಾದಿ, ಹೆಬ್ಬೆರಳಿನಿಂದ ತೋರುಬೆರಳ ಮೇಲೆ ಪಟ್ಟಿಯಂತೆ ಒತ್ತುತ್ತಾ ಹೋಗಿ. 5 ಸೆಂ.ಮೀ. ದಾಟಿಯೂ ತುಂಡಾಗದಿದ್ದರೆ ಒಳ್ಳೆ ಜೇಡಿ. 2 ಸೆಂ.ಮೀ. ಒಳಗೇ ಮುರಿದರೆ ಮರಳು ಹೆಚ್ಚು. ಮರಳು ಸಿಕ್ಕ ಮಟ್ಟಕ್ಕಿಂತ ಅರ್ಧ ಮೀಟರ್ ಮೇಲೆಯೇ ಅಗೆತ ನಿಲ್ಲಿಸಿ. ತೆಗೆದ ಗುಂಡಿಗಳನ್ನು ಜೇಡಿಯಿಂದಲೇ ದಮ್ಮಸ್ಸು ಮಾಡಿ ಮುಚ್ಚಿ. ಮರೆತರೆ ಅವೇ ಸೋರುತ್ತವೆ.

ಇನ್ನು ಬಾಯಿ. ಮರಗಳಿಗೆ ಸಿಕ್ಕಿಕೊಂಡ ಕಸಕಡ್ಡಿಯ ಗೆರೆ ನೋಡಿದರೆ ನೆರೆ ಎಲ್ಲಿಯವರೆಗೆ ಏರುತ್ತದೆಂದು ಗೊತ್ತಾಗುತ್ತದೆ. ಬದುವನ್ನು ಒಂದೆರಡು ಮೀಟರ್ ಕತ್ತರಿಸಿದರೆ ಸಾಲದು. ಕೊರೆತ ಜಾಸ್ತಿ ಆಗುವುದು ನೆರೆ ಇಳಿಯುವಾಗ: ಹೊಳೆ ಬೇಗ ತಗ್ಗುತ್ತದೆ, ಒಳಗಿನ ನೀರು ಇಕ್ಕಟ್ಟಿನ ಬಾಯಲ್ಲಿ ಧುಮುಕಿ ಹಿಂದಕ್ಕೆ ಕೊರೆಯುತ್ತಾ ಬರುತ್ತದೆ, ಒಂದೇ ಮಳೆಗಾಲದಲ್ಲಿ ತಗ್ಗು ಹಳ್ಳವಾಗುತ್ತದೆ. ಬಾಯಿ ಅಗಲವಾಗಿ, ಪೈಪ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪು) ಹಿಡಿದು ಸಮಮಟ್ಟವಾಗಿರಲಿ. ಹೊಳೆ ಕಡೆಯ ಇಳಿಜಾರಿಗೆ 20–30 ಸೆಂ.ಮೀ. ಗಾತ್ರದ ಕಲ್ಲು ಹಾಸಿ, ಕೆಳತುದಿಯನ್ನು ನೆಲದೊಳಕ್ಕೆ ಹುಗಿಯಿರಿ. ಒಳಗಿನ ನೆಲ ಬಾಯಿ ಕಡೆ ಇಳಿಯಬೇಕು; ಅಲ್ಲಲ್ಲಿ ಬಿಡಿ ಗುಂಡಿ ಉಳಿದರೆ ಮೀನು ಸಿಕ್ಕಿ ಸಾಯುತ್ತವೆ.

ಭದ್ರಾ ಅಚ್ಚುಕಟ್ಟಿನಲ್ಲಿ ಇನ್ನೊಂದು ತಲೆನೋವಿದೆ. ಎರಡೂ ಬೆಳೆಗೆ ಗದ್ದೆಯ ಬಸಿಗಾಲುವೆ ನೀರು ಯೂರಿಯಾ ಸಮೇತ ತಗ್ಗಿಗೇ ಬೀಳುವುದರಿಂದ ನೆಲ ಒಣಗುವುದೇ ಇಲ್ಲ, ಆಪು ಎಂಬ ಜೊಂಡುಹುಲ್ಲು ಇಡೀ ತಗ್ಗನ್ನು ನುಂಗುತ್ತದೆ. ಬಸಿಗಾಲುವೆಯನ್ನು ಅಂಚಿನಾಚೆ ತಿರುಗಿಸಿ, ಗದ್ದೆಗೂ ತಗ್ಗಿಗೂ ನಡುವೆ ಹತ್ತು ಮೀಟರ್ ಹುಲ್ಲುಪಟ್ಟಿ ಬಿಡಿ. ಕಾಲುವೆ ನಿಂತ ಮೇಲೆ ಮೇ ತಿಂಗಳಲ್ಲಿ ಮೂರು ವಾರ ನೆಲ ಬಿರಿಯಲಿ. ಆಪನ್ನು ನೀರಿನ ಮೇಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ನೀರೊಳಗೇ ಕೊಯ್ದು, ಮೋಟಿನ ಮೇಲೆ ಗೇಣುದ್ದ ನೀರು ಎರಡು ಮೂರು ವಾರ ನಿಂತರೆ ಬೇರಿಗೆ ಉಸಿರಿಲ್ಲದೆ ಕೊಳೆಯುತ್ತದೆ.

ಹಿರಿಯೂರು, ಚಳ್ಳಕೆರೆ ಕಡೆ ವೇದಾವತಿಯಲ್ಲಿ ಕಾಟ ಬಳ್ಳಾರಿ ಜಾಲಿಯದು. ಬುಡ ಕಡಿದರೆ ಪೊದೆಯಾಗುತ್ತದೆ; ಒಂದಡಿ ಅಗೆದು ಬೇರಿನ ಗೆಡ್ಡೆಯನ್ನೇ ಕಿತ್ತುಹಾಕಿ.

ಅಂಚಿನಲ್ಲಿ ಹೊಳೆಮತ್ತಿ, ಹೊಂಗೆ, ಲಕ್ಕಿ ಸಾಕು. ತಳದಲ್ಲಿ ಗಿಡ ನೆಡಬೇಡಿ, ಜೇಕು ಹುಲ್ಲು ತಾನೇ ಬರುತ್ತದೆ. ಮೊದಲ ಮಳೆಗಾಲ ದನ ಬಿಡಬೇಡಿ; ಆಮೇಲೆ ಎಮ್ಮೆ ಬಿದ್ದರೆ ಒಳ್ಳೆಯದೇ, ನಡುವೆ ನೀರು ತೆರೆದಿರುತ್ತದೆ.

ಇದಕ್ಕೆಲ್ಲ ಮುಂಚೆ ಸರ್ವೆಯವರಿಂದ ಹದ್ದುಬಸ್ತು ಮಾಡಿಸಿ. 2017ರ ಜೌಗು ಪ್ರದೇಶ ನಿಯಮಗಳು ನದಿ ಪಾತ್ರವನ್ನೂ ಭತ್ತದ ಗದ್ದೆಯನ್ನೂ ತಮ್ಮ ರಕ್ಷಣೆಯಿಂದ ಹೊರಗಿಟ್ಟಿವೆ. ಆ ನಿಯಮ ನಂಬಿ ಕೂತರೆ ಪಕ್ಕದ ಹೊಲದ ಬದು ವರ್ಷಕ್ಕೊಂದು ಮಾರು ಒಳಬರುತ್ತದೆ.